ಕೂತಾಗ ಬಿಪಿ ಸರಿ, ಎದ್ದಾಗ?

ನಾನು ಆಪ್ತಸಲಹೆಗಾರ್ತಿ. ದಾವಣಗೆರೆಯಲ್ಲಿ ಬಿಸಿಲು ಏರಿತೆಂದರೆ, ಎದ್ದು ನಿಂತಾಗ ಬಿಪಿ ಇಳಿದು ಬೀಳುವ, ಬೀಳ್ತೀನಿ ಅಂತ ಹೆದರುವ ಹಿರಿಯರನ್ನು ಮನೆಯವರು ನನ್ನ ಹತ್ತಿರ ಕರೆತರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಜಗಳೂರು ಕಡೆಯ ಅಮ್ಮ, ಎಪ್ಪತ್ತರ ಆಸುಪಾಸು. ಬಿಪಿ, ಶುಗರ್ ಎರಡೂ ಇವೆ. ಬಚ್ಚಲಲ್ಲಿ ಬಿದ್ದಾಗಿನಿಂದ ಮಂಚ ಬಿಟ್ಟು ಏಳೋದೇ ಕಷ್ಟ. "ಬಿಪಿ ನೋಡಿಸಿದ್ವಿ ಮೇಡಂ, ಸರಿ ಐತಿ. ಸುಮ್ನೆ ಹೆದರಿಕೊಂಡಾರೆ, ಸ್ವಲ್ಪ ಧೈರ್ಯ ಹೇಳ್ರಿ" ಅಂದ ಮಗ.

ಅವನನ್ನು ಹೊರಗೆ ಕೂರಿಸಿ ಅಮ್ಮನ ಜೊತೆ ಮಾತಿಗೆ ಕೂತೆ. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ನೀರು ಕೊಟ್ಟರೆ ಲೋಟವನ್ನು ಬೆರಳಲ್ಲೇ ಆಚೆ ಸರಿಸಿದರು. "ಬ್ಯಾಡವ್ವ. ನೀರು ಕುಡಿದ್ರೆ ರಾತ್ರಿ ಏಳಬೇಕಾಗತೈತಿ. ಎದ್ರೆ ಕಣ್ಣಿಗೆ ಕತ್ಲೆ ಕಟ್ತೈತಿ. ದುಡಿದು ಬಂದು ಮಲಗಿದ ಮಗನ್ನ ಹೆಂಗ ಎಬ್ಬಿಸ್ಲಿ?"

ಬೀಳಬಾರದು ಅಂತ ನೀರು ಬಿಟ್ಟಿದ್ದರು. ಬೀಳೋದಕ್ಕೆ ಅದೇ ದಾರಿ ಮಾಡುತ್ತಿತ್ತು. ಎದ್ದು ನಿಂತಾಗ ಅರ್ಧ ಲೀಟರಿನಷ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ ರಕ್ತ ಹೊಟ್ಟೆ, ಕಾಲುಗಳ ಕಡೆ ಇಳಿಯುತ್ತದೆ. ನರಗಳು ಕೂಡಲೇ ರಕ್ತನಾಳ ಬಿಗಿಮಾಡಿ, ಎದೆಬಡಿತ ಏರಿಸಿ ಅದನ್ನು ಸರಿದೂಗಿಸುತ್ತವೆ. ವಯಸ್ಸು, ಹಳೇ ಶುಗರ್, ಕೆಲವು ಬಿಪಿ ಮಾತ್ರೆಗಳಿಂದ ಈ ಕೆಲಸ ಕುಂಟುತ್ತದೆ. ಮೈಯಲ್ಲಿ ನೀರೂ ಕಡಿಮೆಯಾದರೆ ಕೇಳಲೇಬೇಡಿ. ಕೂತಾಗ ಮಾತ್ರ ಬಿಪಿ ನೋಡಿದರೆ ಇದು ಸಿಗೋದಿಲ್ಲ. 5 ನಿಮಿಷ ಮಲಗಿಸಿ ನೋಡಬೇಕು, ನಿಲ್ಲಿಸಿ 1 ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ತೊಂದರೆ ಇದೆ ಅಂತ. ಈ ಅಮ್ಮನಿಗೆ ಮೇಲಿನದು 138ರಿಂದ 108ಕ್ಕೆ ಇಳಿದಿತ್ತು. ಡಾಕ್ಟರು ಮಾತ್ರೆ ಬದಲಿಸಿದರು.

ಆಪ್ತಸಲಹೆಗಾರ್ತಿಗೆ ಬಿಪಿ ಉಸಾಬರಿ ಯಾಕೆ ಅಂತ ಕೇಳುವವರಿದ್ದಾರೆ. ನಿಜವಾಗಿಯೂ ಬೀಳುವವರಿಗೆ ಧೈರ್ಯ ತುಂಬಿ ನಡೆಸಿದರೆ ಸೊಂಟದ ಮೂಳೆ ಮುರಿದೀತು, ಅಲ್ವಾ? ಹೆದರಿಕೆಗೆ ಕಾರಣ ಇದ್ದಾಗ ಮೊದಲು ಆ ಕಾರಣ ನೋಡಬೇಕು ಅನ್ನೋದು ನನ್ನ ಗಟ್ಟಿ ನಂಬಿಕೆ.

ಅಮ್ಮನಿಗೆ ಹೇಳಿದ್ದು ಇಷ್ಟು: ಹಗಲಲ್ಲೇ ಚೆನ್ನಾಗಿ ನೀರು ಕುಡಿಯಿರಿ. (ಹೃದಯ, ಕಿಡ್ನಿ ತೊಂದರೆ ಇದ್ದವರು ಎಷ್ಟು ಅಂತ ಡಾಕ್ಟರನ್ನೇ ಕೇಳಬೇಕು.) ಏಳುವ ಮುಂಚೆ ಮಂಚದ ಅಂಚಲ್ಲಿ ಕೂತು ಪಾದ ಆಡಿಸಿ, ಏನಾದರೂ ಹಿಡಿದು ನಿಲ್ಲಿ. ಕಣ್ಣು ಮಂಜಾದರೆ ಇದ್ದಲ್ಲೇ ಕೂತುಬಿಡಿ. ಮಾತ್ರೆ ಮಾತ್ರ ನೀವಾಗಿ ಬಿಡಬೇಡಿ.

ಮಗನಿಗೆ ಹೇಳಿದ್ದು ಒಂದೇ. "ರಾತ್ರಿ ಎಬ್ಬಿಸವ್ವ ಅಂತ ಬಾಯಿಬಿಟ್ಟು ಹೇಳಪ್ಪ." "ನಾನ್ಯಾವತ್ತು ಬ್ಯಾಡ ಅಂದೀನಿ ಮೇಡಂ?" ಅಂದ. ಅಂದಿರಲಿಲ್ಲ, ನಿಜ. ಎಬ್ಬಿಸು ಅಂತಲೂ ಅಂದಿರಲಿಲ್ಲ.

ಇನ್ನೊಂದು ಮಾತು. ಪ್ರಜ್ಞೆ ತಪ್ಪಿ ಬಿದ್ದರೆ, ಎದೆ ನೋವು ಬಂದರೆ, ಮಲ ಡಾಂಬರಿನ ಹಾಗೆ ಕಪ್ಪಗೆ ಹೋದರೆ ನನ್ನ ಹತ್ತಿರ ಬರಬೇಡಿ. ಆಗಲೇ ಆಸ್ಪತ್ರೆಗೆ ಹೋಗಿ.