ಪ್ರಾರ್ಥನೆಗೆ ಕುಳಿತರೆ ತೂಕಡಿಕೆ

ಪ್ರಶ್ನೆ: ಹಾಸಿಗೆ ಹಿಡಿದಿರುವ ಅತ್ತೆಯವರ ಆರೈಕೆಯಲ್ಲೇ ದಿನ ಕಳೆಯುತ್ತದೆ. ರಾತ್ರಿ ಪ್ರಾರ್ಥನೆಗೆ ಕುಳಿತರೆ ತೂಕಡಿಕೆ ಬರುತ್ತದೆ. ನನ್ನ ವಿಶ್ವಾಸ ಕುಂದಿದೆಯೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಸಹೋದರಿ, ನೀವು ದಣಿದಿದ್ದೀರಿ, ಅಷ್ಟೇ. ಬೈಬಲಿನ ಒಂದನೆಯ ಅರಸುಗಳು ಗ್ರಂಥದ 19ನೇ ಅಧ್ಯಾಯದಲ್ಲಿ, ಸಾಕಾಯಿತೆಂದು ಸಾವನ್ನೇ ಬೇಡಿ ಮಲಗಿದ ಪ್ರವಾದಿ ಎಲೀಯನನ್ನು ದೇವದೂತನು ಗದರಿಸದೆ ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆ ನೀರನ್ನೂ ಒದಗಿಸುತ್ತಾನೆ. ಉಂಡು ಮತ್ತೆ ಮಲಗಿದವನನ್ನು ಇನ್ನೊಮ್ಮೆ ಎಬ್ಬಿಸಿ ಉಣ್ಣಲು ಹೇಳುತ್ತಾನೆ. ದೇವರ ಮಾತು ಕೇಳಿಬರುವುದು ಆಮೇಲೆ. ಈ ಕ್ರಮ ನನಗೆ ಬಹಳ ಮುಖ್ಯವೆನಿಸುತ್ತದೆ. ಅತ್ತೆಯವರಿಗೆ ಗಂಜಿ ಕುಡಿಸುವಾಗಲೇ ಬೈಬಲಿನ 23ನೇ ಕೀರ್ತನೆಯ ಒಂದು ಸಾಲನ್ನು ಅವರಿಗೂ ಕೇಳಿಸುವಂತೆ ಹೇಳಿ, ಅದೂ ಪ್ರಾರ್ಥನೆಯೇ. ಒಬ್ಬರ ಭಾರವನ್ನು ಒಬ್ಬರು ಹೊರಬೇಕೆಂದು ಅಪೊಸ್ತಲ ಪೌಲನು ಗಲಾತ್ಯದ ಕ್ರೈಸ್ತರಿಗೆ ಬರೆದಿರುವುದರಿಂದ, ಭಾನುವಾರ ನೀವು ಆರಾಧನೆಗೆ ಹೋಗುವಷ್ಟು ಹೊತ್ತು ಅತ್ತೆಯವರ ಬಳಿ ಕುಳಿತುಕೊಳ್ಳುವಂತೆ ನಿಮ್ಮ ಚರ್ಚಿನ ಸಭೆಯವರನ್ನು ಸಂಕೋಚವಿಲ್ಲದೆ ಕೇಳಿ.