ಕಣಿವೆಗೆ ಇಳಿಯುವುದು ಆರನೇ ಪ್ಯಾರಾದಲ್ಲೇ?

ನಮಸ್ಕಾರ.

ಅಮೆರಿಕದ ಅರಿಜೋನಾದಲ್ಲಿರುವ ಪ್ರಾಯೋಗಿಕ ಊರು ಆರ್ಕೊಸಾಂಟಿಯ ಪಕ್ಕದ ಕೊಳ್ಳದಲ್ಲಿ ನಡೆದಾಡಿ ಬರೆದ ನಿಮ್ಮ ಪ್ರಬಂಧ ಓದಿದೆವು. ಈಗಿನ ರೂಪದಲ್ಲಿ ಹಾಕಿಕೊಳ್ಳಲಾಗದು. ತಿದ್ದಿದರೆ ಆದೀತು.

ಶೀರ್ಷಿಕೆ 'ಕಣಿವೆಯ ನಡಿಗೆ'. ಆದರೆ ನೀವು ಕಣಿವೆಗೆ ಇಳಿಯುವುದು ಆರನೇ ಪ್ಯಾರಾದಲ್ಲಿ. ಅಲ್ಲಿಯವರೆಗೂ ಆ ಊರನ್ನು ರೂಪಿಸಿದ ವಾಸ್ತುಶಿಲ್ಪಿ ಪಾವೊಲೊ ಸೊಲೇರಿ 1919ರಲ್ಲಿ ಇಟಲಿಯಲ್ಲಿ ಹುಟ್ಟಿದ್ದು, ಫ್ರ್ಯಾಂಕ್ ಲಾಯ್ಡ್ ರೈಟ್ ಬಳಿ ಕಲಿತದ್ದು, 1970ರಲ್ಲಿ ಕಟ್ಟಡ ಶುರುವಾದದ್ದು. ತಪ್ಪೇನಿಲ್ಲ, ವಿಶ್ವಕೋಶದ ದನಿಯಷ್ಟೇ. ಐದೂ ಪ್ಯಾರಾ ತೆಗೆಯಿರಿ. ಒಂದು ಸಂಗತಿ ಮಾತ್ರ ಉಳಿಯಲಿ: 5,000 ಜನರಿಗೆಂದು ಯೋಜಿಸಿದ ಊರಿನಲ್ಲಿ ನೂರರ ಆಸುಪಾಸಿಗಿಂತ ಹೆಚ್ಚು ಜನ ನೆಲೆನಿಂತದ್ದು ಅಪರೂಪ. ಅದರ ಜಾಗ ಆರಂಭವಲ್ಲ. ಆಚೆ ದಡ ಹತ್ತಿ ನೀವು ಹಿಂತಿರುಗುತ್ತೀರಲ್ಲ, ಕಪ್ಪು ಬಸಾಲ್ಟ್ ಬಂಡೆಯಂಚಿನಲ್ಲಿ ಇಡೀ ಊರು ಒಂದೇ ನೋಟಕ್ಕೆ ಸಿಗುತ್ತದಲ್ಲ, ಅಲ್ಲಿ. ನಿಮ್ಮ ಪ್ರಬಂಧದ ಜೀವ ಇರುವುದೇ ಆ ತಿರುವಿನಲ್ಲಿ. ನೀವು ಅದನ್ನು 'ಹಿಂತಿರುಗಿ ನೋಡಿದೆ, ಅದ್ಭುತವಾಗಿತ್ತು' ಎಂದು ಮುಗಿಸಿಬಿಟ್ಟಿದ್ದೀರಿ.

ಇನ್ನು ಪದಗಳು. 'ಮರಳುಗಾಡು' ಎಂದೊಡನೆ ಓದುಗರ ಕಣ್ಣಿಗೆ ದಿಬ್ಬ, ಒಂಟೆ ಬರುತ್ತವೆ. ಅಲ್ಲಿರುವುದು ಸುಮಾರು 1,100 ಮೀಟರ್ ಎತ್ತರದ ಕಲ್ಲುನೆಲ, ಮೆಸ್ಕೀಟ್ ಪೊದೆ, ಪಾಪಾಸುಕಳ್ಳಿ. 'ಮರುಭೂಮಿ' ಸಾಕು. ದಾರಿಯುದ್ದಕ್ಕೂ ಕೈಯೆತ್ತಿ ನಿಂತ ಸಗ್ವಾರೊ ಕಳ್ಳಿಗಳನ್ನು ಹಾಕಿದ್ದೀರಿ. ಫೀನಿಕ್ಸ್‌ನಿಂದ ಬರುವಾಗ ಹೆದ್ದಾರಿ ಘಾಟಿ ಹತ್ತುವವರೆಗೆ ಅವು ದಟ್ಟವಾಗಿರುತ್ತವೆ, ಮೇಲೆ ಬಂದ ಮೇಲೆ ಇಲ್ಲ. ಅವು ಕಾಣೆಯಾಗುವುದನ್ನೇ ಬರೆದಿದ್ದರೆ ಚೆನ್ನಾಗಿರುತ್ತಿತ್ತು.

'ದೊಡ್ಡ ಗುಮ್ಮಟ' ಗುಮ್ಮಟವಲ್ಲ. ಗೋಲದ ಕಾಲುಭಾಗ, ದಕ್ಷಿಣಕ್ಕೆ ಬಾಯಿ ತೆರೆದದ್ದು. ಬೇಸಿಗೆಯ ನೆತ್ತಿಸೂರ್ಯನಿಗೆ ಅದು ಸೂರು, ಚಳಿಗಾಲದ ಇಳಿಬಿಸಿಲಿಗೆ ತೆರೆದ ಬಾಗಿಲು. ಇದನ್ನು ಹೇಳಿದರೆ, ಗಂಟೆ ಎರಕದ ಕುಲುಮೆಯ ಮುಂದೆ ಕೆಲಸ ಮಾಡುವವರು ಅಲ್ಲೇ ಯಾಕೆ ಇದ್ದಾರೆಂದು ಬೇರೆ ವಿವರಿಸಬೇಕಿಲ್ಲ. ಕಾಂಕ್ರೀಟಿನ ಕೆಲವು ಭಾಗಗಳನ್ನು ಹೂಳುಮಣ್ಣಿನ ದಿಬ್ಬವನ್ನೇ ಅಚ್ಚಾಗಿಸಿ, ಮೇಲೆ ಸುರಿದು, ಗಟ್ಟಿಯಾದ ಮೇಲೆ ಮಣ್ಣು ಬಗೆದು ತೆಗೆದದ್ದು. ಒರಟು ಮೈಗೆ ಕಾರಣ ಅದೇ, 'ಹಳೆಯದಾದ್ದರಿಂದ' ಅಲ್ಲ.

ನದಿಯ ಪ್ಯಾರಾ ಪೂರ್ತಿ ಹೋಗಬೇಕು. ಜೂನ್ ಮಧ್ಯಾಹ್ನ ಆಗ್ವಾ ಫ್ರಿಯಾ 'ಜುಳುಜುಳು' ಹರಿಯುತ್ತಿತ್ತೆಂದು ಬರೆದಿದ್ದೀರಿ. ಅಲ್ಲಿ ಮಳೆ ಹಿಡಿಯುವುದು ಜುಲೈನಲ್ಲಿ. ಜೂನ್ ವರ್ಷದ ಅತಿ ಒಣ ತಿಂಗಳುಗಳಲ್ಲೊಂದು. ಸ್ಪ್ಯಾನಿಷ್‌ನಲ್ಲಿ ಹೆಸರಿನ ಅರ್ಥವೇ 'ತಣ್ಣೀರು', ಆ ವ್ಯಂಗ್ಯವೂ ಕೈತಪ್ಪಿದೆ. ಹೊಂಡದಲ್ಲಿ ನೀರು ಕಂಡಿದ್ದರೆ ಎಷ್ಟು ಅಗಲ, ಯಾವ ಬಣ್ಣ, ಬರೆಯಿರಿ. ಬೆನ್ನಮೇಲೆ ಎಷ್ಟು ಲೀಟರ್ ಹೊತ್ತಿದ್ದಿರಿ ಎಂಬುದೂ ಬರಲಿ. ಆ ಬಿಸಿಲಿನಲ್ಲಿ ಗಂಟೆಗೆ ಒಂದು ಲೀಟರ್ ಬೇಕು, 'ಒಂದು ಬಾಟಲಿ' ಓದುಗರನ್ನು ಅಪಾಯಕ್ಕೆ ತಳ್ಳುವ ಮಾತು.

ಪುದುಚೇರಿ ಬಳಿಯ ಪ್ರಾಯೋಗಿಕ ಊರು ಆರೋವಿಲ್ ಜೊತೆಗಿನ ಹೋಲಿಕೆ ಒಂದು ಸಾಲಿಗಿಂತ ಹೆಚ್ಚು ಬೇಡ.

900 ಪದಗಳೊಳಗೆ ಮತ್ತೆ ಬರೆದು ಕಳಿಸಿ. ಅಲ್ಲಿ ಎರಕ ಹೊಯ್ದು ಮಾರುವ ಕಂಚಿನ ಗಾಳಿಗಂಟೆಗಳ ಬಗ್ಗೆ ಎರಡು ಪುಟ ಇದೆ. ಅವುಗಳ ದನಿ ಕೊಳ್ಳದ ತಳಕ್ಕೆ ಕೇಳಿಸಿತೋ ಇಲ್ಲವೋ ಎಂಬುದು ಮಾತ್ರ ಎಲ್ಲೂ ಇಲ್ಲ.