ಕೇಳಿ, ಹೇಳ್ತೀನಿ: ಲಂಡನ್ನಿನ ಬೇಸಿಗೆಗೆ ಗಟ್ಟಿ ಕಾಲು ಬೇಕು

ಈ ಸಲ ಬಂದ ಪತ್ರಗಳಲ್ಲಿ ಲಂಡನ್ನಿನವೇ ಜಾಸ್ತಿ. ಮಳೆ ಹಿಡಿಯಿತೆಂದರೆ ಮಗನ ಮನೆ, ಮಗಳ ಮನೆ ಅಂತ ಮಲೆನಾಡಿನಿಂದ ವಿಮಾನ ಹತ್ತುವವರು ಈಗ ಊರಿಗೆ ನಾಲ್ಕು ಜನ ಇದ್ದೇ ಇರುತ್ತಾರೆ. ಶಿವಮೊಗ್ಗದಲ್ಲಿ ಬಟ್ಟೆ ಒಣಗದ ತಿಂಗಳುಗಳಲ್ಲಿ ನಾನೂ ಅಲ್ಲಿ ಮಗನ ಮನೆಯಲ್ಲಿರುತ್ತೇನೆ. ಹಾಗಾಗಿ ಸಂಪಾದಕರು ಈ ಪತ್ರಗಳನ್ನೆಲ್ಲ ನನ್ನ ಕಡೆಗೇ ತಳ್ಳಿದ್ದಾರೆ.

ಪ್ರಶ್ನೆ: ಕೊಳೆ ಔಷಧಿ ಒಂದು ಸುತ್ತು ಹೊಡೆಸಿ, ಎರಡನೇ ಸುತ್ತು ತಮ್ಮನಿಗೆ ಒಪ್ಪಿಸಿ ಜೂನ್ ಕೊನೆಗೆ ಮಗಳ ಮನೆಗೆ ಹೊರಟಿದ್ದೇವೆ. ನಮ್ಮನೆಯವಳಿಗೆ ಟೆನಿಸ್ ಹುಚ್ಚು. ವಿಂಬಲ್ಡನ್ ಟಿಕೆಟ್ಟಿನ ಲಾಟರಿ ಹೋದ ವರ್ಷವೇ ಮುಗಿದಿದೆ ಅನ್ನುತ್ತಾಳೆ ಮಗಳು. ಬೇರೆ ದಾರಿ ಇದೆಯಾ ಅಕ್ಕ?
(ಅಡಿಕೆ ಬೆಳೆಗಾರ, ತೀರ್ಥಹಳ್ಳಿ)

ಇದೆ ಮಾರಾಯ್ರೆ. ಲೈನಿನಲ್ಲಿ ನಿಲ್ಲುವುದು. 2026ರ ಆಟ ಜೂನ್ 29ಕ್ಕೆ ಶುರುವಾಗಿ ಜುಲೈ 12ಕ್ಕೆ ಮುಗಿಯುತ್ತದೆ. ಸೆಂಟರ್ ಕೋರ್ಟ್, ಒಂದನೇ ಕೋರ್ಟ್, ಎರಡನೇ ಕೋರ್ಟ್, ಈ ಮೂರಕ್ಕೂ ದಿನಾ ತಲಾ ಸುಮಾರು 500 ಟಿಕೆಟ್ ಲೈನಿನವರಿಗೆ ಅಂತಲೇ ತೆಗೆದಿಟ್ಟಿರುತ್ತಾರೆ. ಕೊನೆಯ ನಾಲ್ಕು ದಿನ ಮಾತ್ರ ಸೆಂಟರ್ ಕೋರ್ಟಿಗೆ ಹೀಗೆ ಸಿಗುವುದಿಲ್ಲ. ಆ ಟಿಕೆಟ್ಟೇ ಬೇಕು ಅಂದರೆ ಹಿಂದಿನ ದಿನವೇ ಹೋಗಿ ಟೆಂಟ್ ಹಾಕಿ ಮಲಗಬೇಕು. ನಿಮ್ಮ ವಯಸ್ಸಿಗೆ ಅದು ಬೇಡ. ಬೆಳಗಿನ ಜಾವ ಎದ್ದು ಹೋಗಿ, ಸಣ್ಣ ಕೋರ್ಟುಗಳಿಗೆ ಬಿಡುವ ಗ್ರೌಂಡ್ ಪಾಸ್ ತೆಗೆದುಕೊಳ್ಳಿ. ಮೊದಲ ವಾರ ಸಣ್ಣ ಕೋರ್ಟುಗಳಲ್ಲೂ ಒಳ್ಳೊಳ್ಳೆ ಆಟಗಾರರು ಇರುತ್ತಾರೆ. ಬೇಲಿಗೆ ಒರಗಿ ನಿಂತರೆ ಬೆವರು ಒರೆಸಿಕೊಳ್ಳುವುದೂ ಕಾಣುತ್ತದೆ.

ಸೌತ್‌ಫೀಲ್ಡ್ಸ್ ಸ್ಟೇಷನ್ನಿನಲ್ಲಿ ಇಳಿದು ಹತ್ತು ಹದಿನೈದು ನಿಮಿಷ ನಡೆದರೆ ವಿಂಬಲ್ಡನ್ ಪಾರ್ಕ್. ಹುಲ್ಲಿನ ಮೇಲೇ ಲೈನು. ಸೇರಿದ ಕೂಡಲೇ ತಾರೀಖು, ನಂಬರು ಇರುವ ಕಾರ್ಡು ಕೊಡುತ್ತಾರೆ. ಅದನ್ನು ಜೋಪಾನ ಮಾಡಿ, ಒಳಗೆ ಹೋಗುವವರೆಗೂ ಕೇಳುತ್ತಲೇ ಇರುತ್ತಾರೆ. ಒಬ್ಬರಿಗೆ ಒಂದೇ ಕಾರ್ಡು. ನೀವು ನಿಂತಿದ್ದು, ನಿಮ್ಮ ಮನೆಯವರು ತಿಂಡಿ ಮುಗಿಸಿ ಆಮೇಲೆ ಬಂದು ಸೇರಿಕೊಳ್ಳುವುದು ನಡೆಯುವುದಿಲ್ಲ. ಟಾಯ್ಲೆಟ್ಟಿಗೆ, ಕಾಫಿಗೆ ಅಂತ ಅರ್ಧ ಗಂಟೆ ಬಿಟ್ಟು ಹೋಗಬಹುದು, ಅಷ್ಟೇ.

ಮನೆಯ ಊಟ ಒಳಗೆ ಬಿಡುತ್ತಾರೆ, ಬ್ಯಾಗು ಮಾತ್ರ ಸಣ್ಣದಿರಲಿ. ನಾನು ಚಪಾತಿ ಜೊತೆ ಅಪ್ಪೆಮಿಡಿ ಒಯ್ದಿದ್ದೆ. ಪಕ್ಕದಲ್ಲಿ ಮಡಚುವ ಸ್ಟೂಲ್ ಹಾಕಿಕೊಂಡು ಸ್ವೆಟರ್ ಹೆಣೆಯುತ್ತಿದ್ದ ಇಂಗ್ಲಿಷ್ ಅಜ್ಜಿ ಡಬ್ಬಿಯನ್ನೇ ನೋಡುತ್ತಿದ್ದಳು. ಒಂದು ಮಿಡಿ ಕೊಟ್ಟೆ. ತೊಟ್ಟು ಹಿಡಿದುಕೊಂಡು, ಇದನ್ನು ಕಚ್ಚುವುದೋ ಚೀಪುವುದೋ ಅಂತ ಗೊತ್ತಾಗದೆ ನನ್ನ ಬಾಯಿ ನೋಡಿದಳು. ನಾನು ಕಚ್ಚಿದೆ, ಅವಳೂ ಕಚ್ಚಿದಳು. ಮುಖ ಕೆಂಪಾಯಿತು. ನೀರು ಕುಡಿದು ಇನ್ನೊಂದಕ್ಕೆ ಕೈ ಚಾಚಿದಳು!

ಸಂಜೆ ಐದರ ಮೇಲೆ ಗ್ರೌಂಡ್ ಪಾಸಿನ ಬೆಲೆ ಇಳಿಯುತ್ತದೆ. ಆಟ ಬಿಟ್ಟು ಮನೆಗೆ ಹೋದವರ ಸೀಟುಗಳನ್ನು ಒಳಗೇ ಸ್ವಲ್ಪ ದುಡ್ಡಿಗೆ ಮತ್ತೆ ಮಾರುತ್ತಾರೆ, ಆ ದುಡ್ಡು ದಾನಕ್ಕೆ ಹೋಗುತ್ತದೆ. ಜುಲೈನಲ್ಲಿ ಅಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕು. ಹಾಗಾಗಿ ಸೆಂಟರ್ ಕೋರ್ಟಿನ ಆಸೆ ಪೂರ್ತಿ ಬಿಡಬೇಡಿ. ಸ್ಟ್ರಾಬೆರಿ ಮತ್ತು ಕ್ರೀಮ್ ತಿನ್ನಿ. 2010ರಿಂದ 2.50 ಪೌಂಡಿಗೇ ಕೊಡುತ್ತಿದ್ದರು, 2025ರಲ್ಲಿ 2.70 ಮಾಡಿದರು. ಅದಕ್ಕೇ ಅಲ್ಲಿನ ಪೇಪರಿನವರು ಗದ್ದಲ ಮಾಡಿದರು. ನಮ್ಮ ಹೋಟೆಲಿನ ಮಸಾಲೆ ದೋಸೆ ರೇಟು ಅವರಿಗೆ ತೋರಿಸಬೇಕು.

ಪ್ರಶ್ನೆ: ನಾನು ಕಾಲೇಜು ಟೀಮಿನಲ್ಲಿ ಕ್ರಿಕೆಟ್ ಆಡುತ್ತೇನೆ. ಜುಲೈನಲ್ಲಿ ದೊಡ್ಡಮ್ಮನ ಮನೆಗೆ ಹೋಗುತ್ತಿದ್ದೇನೆ. ಲಾರ್ಡ್ಸ್ ಮೈದಾನ ಸುಮ್ನೆ ನೋಡಿ ಬರುವುದಾ, ಮ್ಯಾಚ್ ಏನಾದರೂ ಇದೆಯಾ ಆಂಟಿ?
(ವಿದ್ಯಾರ್ಥಿನಿ, ಭದ್ರಾವತಿ)

ಪುಟ್ಟೀ, ನಿನ್ನಷ್ಟು ಅದೃಷ್ಟವಂತೆ ಯಾರೂ ಇಲ್ಲ. ಜುಲೈ 5ಕ್ಕೆ ಮಹಿಳೆಯರ ಟಿ20 ವಿಶ್ವಕಪ್ ಫೈನಲ್ ಲಾರ್ಡ್ಸ್‌ನಲ್ಲೇ. ಅದಕ್ಕಿಂತ ದೊಡ್ಡದು ಜುಲೈ 10ರಿಂದ, ಭಾರತ ಮತ್ತು ಇಂಗ್ಲೆಂಡ್ ಮಹಿಳೆಯರ ಟೆಸ್ಟ್. 1814ರಿಂದ ಇರುವ ಆ ಮೈದಾನದಲ್ಲಿ ಹೆಣ್ಣುಮಕ್ಕಳು ಆಡುವ ಮೊದಲ ಟೆಸ್ಟ್ ಇದು. ಅಲ್ಲಿನ ಕ್ಲಬ್ಬು ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಒಪ್ಪಿದ್ದೇ 1998ರಲ್ಲಿ. ನೀನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚೆ ಅಂತೇನೂ ಅಲ್ಲ, ಲೆಕ್ಕ ಹಾಕು!

ಇಲ್ಲಿ ಲೈನಿನ ಉಪಾಯ ನಂಬಬೇಡ. ಮೈದಾನದ ವೆಬ್‌ಸೈಟಿನಲ್ಲೇ ಮುಂಚೆ ಟಿಕೆಟ್ ತೆಗೆಸು. ಟೆಸ್ಟಿಗೆ ಹೋದರೆ ಬೇಗ ಹೋಗಿ ಪಿಚ್ಚನ್ನು ಅಡ್ಡದಿಂದ ನೋಡು. ಮೈದಾನದ ಒಂದು ಬದಿಗೂ ಇನ್ನೊಂದು ಬದಿಗೂ ಸುಮಾರು ಎರಡೂವರೆ ಮೀಟರ್ ಇಳಿಜಾರು. ಚೆಂಡು ಒಂದು ತುದಿಯಿಂದ ಒಳಗೆ ನುಗ್ಗುವುದು, ಇನ್ನೊಂದು ತುದಿಯಿಂದ ಹೊರಗೆ ಜಾರುವುದು ಅದರಿಂದಲೇ. ಅಂಥ ಇಳಿಜಾರಿನ ಮೇಲೆ 1979ರಲ್ಲಿ ನಿಮ್ಮ ಭದ್ರಾವತಿಯಲ್ಲೇ ಹುಟ್ಟಿದ ಜಿ.ಆರ್. ವಿಶ್ವನಾಥ್ 113 ಹೊಡೆದು, ವೆಂಗ್‌ಸರ್ಕಾರ್ ಜೊತೆ ನಿಂತು ಟೆಸ್ಟ್ ಉಳಿಸಿದರು. ಅಲ್ಲೇ 2017ರ ವಿಶ್ವಕಪ್ ಫೈನಲ್‌ನಲ್ಲಿ ನಮ್ಮ ಪಕ್ಕದ ಕಡೂರಿನ ವೇದಾ ಕೃಷ್ಣಮೂರ್ತಿ 35 ಹೊಡೆದಿದ್ದಳು. ಒಂಬತ್ತೇ ರನ್ನಿಗೆ ಸೋತೆವು. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಸೇಂಟ್ ಜಾನ್ಸ್ ವುಡ್ ಸ್ಟೇಷನ್ನಿನಲ್ಲಿ ಇಳಿ.

ಪ್ರಶ್ನೆ: ಮಗ ಪಿಟೀಲು ಕಲಿಯುತ್ತಿದ್ದಾನೆ. ದೊಡ್ಡ ಆರ್ಕೆಸ್ಟ್ರಾ ಒಂದು ಸಲ ಕೇಳಿಸಬೇಕು. ಟಿಕೆಟ್ ರೇಟು ಕೇಳಿದರೆ ಎದೆ ಧಸಕ್ಕೆನ್ನುತ್ತದೆ.
(ಗೃಹಿಣಿ, ಸಾಗರ)

ಪ್ರಾಮ್ಸ್‌ಗೆ ಹೋಗಿ. ಜುಲೈ ಮಧ್ಯದಿಂದ ಸೆಪ್ಟೆಂಬರ್ ಎರಡನೇ ಶನಿವಾರದವರೆಗೆ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಹೆಚ್ಚುಕಡಿಮೆ ದಿನಾ ಸಂಗೀತ. 1895ರಲ್ಲಿ ಇದನ್ನು ಶುರು ಮಾಡಿದ್ದೇ ಕಡಿಮೆ ದುಡ್ಡಿಗೆ ಜನ ಬಂದು ಕೇಳಲಿ ಅಂತ. ಮೊದಲಿನ ಹಾಲು 1941ರಲ್ಲಿ ಬಾಂಬಿಗೆ ಸುಟ್ಟುಹೋದ ಮೇಲೆ ಇಲ್ಲಿಗೆ ಬಂತು. ನಿಂತು ಕೇಳುವವರಿಗೆ ಈಚಿನ ವರ್ಷಗಳಲ್ಲಿ ಎಂಟು ಪೌಂಡಿನ ಆಸುಪಾಸು, ಅದೇ ದಿನ ಬೆಳಿಗ್ಗೆ ಆನ್‌ಲೈನಿನಲ್ಲಿ ಬಿಡುತ್ತಾರೆ.

ನಮ್ಮ ಟೆಂಟ್ ಯಕ್ಷಗಾನದಲ್ಲಿ ನೆಲದ ಟಿಕೆಟ್ ಇರುತ್ತಿತ್ತಲ್ಲ, ಇದೂ ಹಾಗೆಯೇ. ಅಗ್ಗದವರಿಗೇ ಮುಂದಿನ ಜಾಗ. ವೇದಿಕೆಯ ಎದುರಿಗೇ ನಿಲ್ಲುತ್ತೀರಿ. ಪಿಟೀಲಿನವರ ಬೆರಳು ಎಲ್ಲಿ ಒತ್ತುತ್ತದೆ, ಕಮಾನು ಎಲ್ಲಿ ತಿರುಗುತ್ತದೆ ಅಂತ ಮಗ ನೋಡಬಹುದು. ಕುರ್ಚಿಯವರಿಗೆ ಆ ಭಾಗ್ಯ ಇಲ್ಲ. ಕಾಲು ನೋಯುವವರು ಮೇಲಿನ ಗ್ಯಾಲರಿಗೆ ಹೋಗಿ, ಅಲ್ಲಿ ಜನ ನೆಲಕ್ಕೇ ಒರಗಿಕೊಂಡು ಕೇಳುತ್ತಾರೆ. ಒಂದೇ ಕೃತಿಯಲ್ಲಿ ನಾಲ್ಕು ಭಾಗ ಇದ್ದರೆ ನಡುವೆ ಚಪ್ಪಾಳೆ ತಟ್ಟುವುದನ್ನು ಅಲ್ಲಿನ ಹಳಬರು ಒಪ್ಪುವುದಿಲ್ಲ. ತೊಡೆಯ ಮೇಲೆ ತಾಳ ಹಾಕುವ ಅಭ್ಯಾಸ ಮಗನಿಗಿದ್ದರೆ ಕೈ ಜೇಬಿನಲ್ಲಿಡಲಿ.

ಪ್ರಶ್ನೆ: ಆಗಸ್ಟ್ ಕೊನೆಗೆ ನಾಟಿಂಗ್ ಹಿಲ್ ಕಾರ್ನಿವಲ್‌ಗೆ ಹೋಗೋಣ ಅಂತ ಆರು ವರ್ಷದ ಮೊಮ್ಮಗನ ಹಟ. ಕರೆದುಕೊಂಡು ಹೋಗಬಹುದಾ?
(ನಿವೃತ್ತ ಶಿಕ್ಷಕರು, ಹೊಸನಗರ)

ಭಾನುವಾರ, ಆಗಸ್ಟ್ 30ಕ್ಕೆ ಹೋಗಿ ಮೇಷ್ಟ್ರೇ, ಅದು ಮಕ್ಕಳ, ಮನೆಮಂದಿಯ ದಿನ. ಸೋಮವಾರ ಬೇಡವೇ ಬೇಡ, ನೂಕುನುಗ್ಗಲು. ಕೆರಿಬಿಯನ್ ದ್ವೀಪಗಳಿಂದ ಬಂದವರು ಬೆಳೆಸಿದ ಬೀದಿ ಹಬ್ಬ, 1966ರಿಂದ ನಡೆದು ಬಂದಿದೆ. ಟಿಕೆಟ್ಟೇ ಇಲ್ಲ. ಉಕ್ಕಿನ ಡ್ರಮ್ಮಿನ ವಾದ್ಯ ಹುಡುಗನಿಗೆ ಖಂಡಿತ ಇಷ್ಟವಾಗುತ್ತದೆ. ಮಧ್ಯಾಹ್ನ ಮೂರಕ್ಕೆ ಎಲ್ಲ ಸಂಗೀತ 72 ಸೆಕೆಂಡ್ ನಿಲ್ಲುತ್ತದೆ. 2017ರಲ್ಲಿ ಹತ್ತಿರದ ಗ್ರೆನ್‌ಫೆಲ್ ಟವರಿಗೆ ಬೆಂಕಿ ಬಿದ್ದು ಸತ್ತ 72 ಜನರಿಗಾಗಿ. ಮೊಮ್ಮಗನಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಆಗಲೇ ಜೋರಾಗಿ ಐಸ್‌ಕ್ರೀಮ್ ಕೇಳುತ್ತಾನೆ. ಆ ದಿನ ಹತ್ತಿರದ ಕೆಲವು ಸ್ಟೇಷನ್ ಮುಚ್ಚಿರುತ್ತವೆ, ಸ್ವಲ್ಪ ದೂರದಲ್ಲೇ ಇಳಿದು ನಡೆಯಿರಿ. ಟಾಯ್ಲೆಟ್ ಕೆಲಸ ಮನೆಯಲ್ಲೇ ಮುಗಿಸಿ ಹೊರಡಿ.